ಖಾಲಿ ಉಳಿಯಬೇಕಾದ ಮೂರನೆಯ ಜಾಗ

ಧಾರವಾಡ, ಭಾನುವಾರ, 16 ನವೆಂಬರ್ 2025

ಶಿಗ್ಗಾಂವಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಪರೀಕ್ಷೆಗೆಂದು ತಂದುಕೊಟ್ಟ ಮೂರು ಪದಕಗಳಲ್ಲಿ ಎರಡು ಅವರ ಮುತ್ತಜ್ಜನವೇ, ಮೂರನೆಯದು ಅವರದಲ್ಲ ಎಂಬ ತೀರ್ಮಾನಕ್ಕೆ ಇಂದು ಮಧ್ಯಾಹ್ನ ಬಂದೆ. ಮೂರನೆಯದು ನಕಲಿ ಪದಕವೇನಲ್ಲ. ಅಸಲಿ ಬೆಳ್ಳಿ, ಅಸಲಿ ಅಚ್ಚು. ಸುಳ್ಳಾಗಿರುವುದು ಅದರ ಅಂಚಿನ ಮೇಲಿರುವ ಹೆಸರು ಮಾತ್ರ. ಪದಕ ಸಂಗ್ರಹಿಸುವವರಿಗೆ ಇದಕ್ಕಿಂತ ಕಠಿಣವಾದ ಪ್ರಸಂಗ ಇನ್ನೊಂದಿಲ್ಲ. ಪೂರ್ತಿ ನಕಲಿಯಾದರೆ ಬದಿಗಿಟ್ಟು ಮರೆತುಬಿಡಬಹುದು. ಇಂಥದ್ದರಲ್ಲಿ ಒಬ್ಬ ಸಿಪಾಯಿಯ ಹೆಸರನ್ನು ಅರದಿಂದ ಉಜ್ಜಿ ಅಳಿಸಿ, ಇನ್ನೊಬ್ಬ ಸಿಪಾಯಿಯ ಹೆಸರನ್ನು ಕೆತ್ತಿರುತ್ತಾರೆ.

ಮನೆಯಲ್ಲಿ ಮೊದಲಿನಿಂದ ಇದ್ದವು ಎರಡೇ. ಒಂದು ಮೊದಲನೆಯ ಮಹಾಯುದ್ಧದ 1914-15ರ ಕಂಚಿನ ನಕ್ಷತ್ರ, ಇನ್ನೊಂದು ರೆಕ್ಕೆಯುಳ್ಳ ವಿಜಯದೇವತೆ ನಿಂತಿರುವ ವಿಕ್ಟರಿ ಪದಕ. ಎರಡರ ಮೇಲೂ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಸಿಪಾಯಿಯೆಂದು ಅವರ ಮುತ್ತಜ್ಜನ ಹೆಸರಿದೆ. ಈ ನಕ್ಷತ್ರವನ್ನು ಯಾರಿಗೂ ಒಂಟಿಯಾಗಿ ಕೊಟ್ಟಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅದನ್ನು ಪಡೆದವನಿಗೆ ಬ್ರಿಟಿಷ್ ವಾರ್ ಮೆಡಲ್ ಎಂಬ ಬೆಳ್ಳಿಯ ಪದಕವೂ ವಿಕ್ಟರಿ ಪದಕವೂ ಸಲ್ಲಲೇಬೇಕು. ಬೆಳ್ಳಿಯದು ಕೆಲವರಿಗೆ ಒಂದೇ ಸಿಕ್ಕಿದ್ದುಂಟು, ಆದರೆ ವಿಕ್ಟರಿ ಪದಕ ಎಂದೂ ಒಂಟಿಯಾಗಿ ಬಂದದ್ದಿಲ್ಲ. ಆದ್ದರಿಂದ ಒಂದು ಮನೆಯಲ್ಲಿ ಇವೆರಡಿದ್ದು ಬೆಳ್ಳಿಯದಿಲ್ಲವೆಂದರೆ ಅದು ಒಂದು ಕಾಲಕ್ಕೆ ಇತ್ತು, ನಂತರ ಹೋಯಿತು ಎಂದೇ ಅರ್ಥ. ಎಲ್ಲಿಗೆ ಹೋಯಿತು ಎಂದು ಊಹಿಸುವುದೂ ಕಷ್ಟವಲ್ಲ. ಅದು ಶೇಕಡಾ 92.5ರಷ್ಟು ಶುದ್ಧತೆಯ ಬೆಳ್ಳಿ. ಬರಗಾಲದ ವರ್ಷದಲ್ಲೋ, ಮಗಳ ಮದುವೆಯಲ್ಲೋ, 1980ರ ಆರಂಭದಲ್ಲಿ ಬೆಳ್ಳಿಯ ಬೆಲೆ ಏಕಾಏಕಿ ಏರಿದಾಗಲೋ ಇಂಥ ಎಷ್ಟೋ ಪದಕಗಳು ತೂಕದ ಲೆಕ್ಕದಲ್ಲಿ ಸರಾಫರ ಅಂಗಡಿ ಸೇರಿ ಕರಗಿದವು. ಕಂಚಿಗೆ ಯಾರೂ ಹಣ ಕೊಡಲಿಲ್ಲವಾದ್ದರಿಂದ ಕಂಚಿನವು ಮನೆಯಲ್ಲೇ ಉಳಿದವು. ನಮ್ಮ ಭಾಗದ ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಜೋಡಿ ಇದು.

ಆ ಕೊರತೆಯನ್ನು ತುಂಬಲು ಶಿಕ್ಷಕರು ಕಳೆದ ವರ್ಷ ಹೊರ ರಾಜ್ಯದ ಒಬ್ಬ ವ್ಯಾಪಾರಿಯನ್ನು ಸಂಪರ್ಕಿಸಿ, ಮನೆಯ ಎರಡು ಪದಕಗಳ ಫೋಟೋಗಳನ್ನು ಕಳಿಸಿದ್ದರು. ಕೆಲವು ವಾರಗಳ ನಂತರ ಆ ವ್ಯಾಪಾರಿ, ನಿಮ್ಮ ಮುತ್ತಜ್ಜನ ಹೆಸರಿನದೇ ಬೆಳ್ಳಿ ಪದಕ ಸಿಕ್ಕಿದೆ ಎಂದು ತಿಳಿಸಿದನಂತೆ. ಇವರು ದೊಡ್ಡ ಮೊತ್ತವನ್ನೇ ತೆತ್ತು ತರಿಸಿಕೊಂಡರು. "ಮುತ್ಯಾನ ಬಿಲ್ಲೆ ತಿರುಗಿ ಮನೀಗೆ ಬಂತಂತ ನಮ್ಮವ್ವ ಕುಂಕುಮ ಹಚ್ಚಿ ಆರತಿ ಮಾಡ್ಯಾಳ್ರಿ ಸರ್" ಎಂದು ಅವರು ಹೇಳಿದಾಗ, ಪೆಟ್ಟಿಗೆ ತೆರೆಯುವ ಮೊದಲೇ ನನಗೆ ಆತಂಕವಾಯಿತು. ಫೋಟೋ ಕಳಿಸಿದ ಮೇಲೆ ಸಿಕ್ಕ ಪದಕವನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು.

ಮೊದಲು ಅಳತೆ. ಬ್ರಿಟಿಷ್ ವಾರ್ ಮೆಡಲಿನ ವ್ಯಾಸ 36 ಮಿಲಿಮೀಟರ್. ಈ ಪದಕವನ್ನು ಮೇಲಿನ ಕೊಂಡಿಯ ಭಾಗ ಬಿಟ್ಟು ಹಲವು ಕೋನಗಳಲ್ಲಿ ವರ್ನಿಯರ್ ಕ್ಯಾಲಿಪರಿನಿಂದ ಅಳೆದಾಗ ಎಲ್ಲಿಯೂ 35.4ನ್ನು ದಾಟಲಿಲ್ಲ, ಒಂದು ಕಡೆಯಂತೂ 35.2ಕ್ಕೆ ಇಳಿಯಿತು. ಅಚ್ಚೊತ್ತಿದ ಪದಕ ಹೀಗೆ ಕುಗ್ಗುವುದಿಲ್ಲ. ಮೂಲ ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ತಣಿಯುವಾಗ ಕುಗ್ಗಿ ವ್ಯಾಸ ಕಡಿಮೆಯಾಗುವುದುಂಟು, ಆದರೆ ಆಗ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ, ಅಕ್ಷರಗಳ ಬುಡ ಮೊಂಡಾಗಿರುತ್ತದೆ. ಇದರಲ್ಲಿ ಕುದುರೆಯ ಮೇಲಿನ ಸಂತ ಜಾರ್ಜನ ಮೈಕಟ್ಟು, ಗೊರಸಿನ ಕೆಳಗಿನ ಹದ್ದಿನ ಗುರಾಣಿ, ಅದರ ಬಳಿಯ ತಲೆಬುರುಡೆ ಎಲ್ಲವೂ ಹರಿತವಾಗಿವೆ. ಹಾಗಾದರೆ ಲೋಹ ಹೋಗಿರುವುದು ಅಂಚಿನಿಂದಲೇ. ರಾಜನ ತಲೆಯ ಸುತ್ತ ಇರಬೇಕಾದ ಎತ್ತರದ ಕಟ್ಟು ಒಂದು ಬದಿಯಲ್ಲಿ ತೆಳ್ಳಗೆ, ಇನ್ನೊಂದು ಬದಿಯಲ್ಲಿ ದಪ್ಪಗೆ ಉಳಿದಿದೆ.

ಬಳಿಕ ಅಕ್ಷರ. ಅಧಿಕೃತವಾಗಿ ಹೆಸರು ಹಾಕುವಾಗ ಒಂದೊಂದು ಅಕ್ಷರವನ್ನೂ ಉಕ್ಕಿನ ಮೊಳೆಯಿಂದ ಒತ್ತುತ್ತಿದ್ದರು. ಒತ್ತಿದ ಅಕ್ಷರದ ತಳ ಸಮನಾಗಿರುತ್ತದೆ, ಒಂದೇ ಅಕ್ಷರ ಎರಡು ಸಲ ಬಂದರೆ ಎರಡೂ ತದ್ರೂಪವಾಗಿರುತ್ತವೆ. ಕೈಯಿಂದ ಕೆತ್ತಿದ ಅಕ್ಷರದಲ್ಲಿ ಉಳಿ ಸಾಗಿದ ಜಾಡು ಕಾಣುತ್ತದೆ, ಗೆರೆ ಒಂದು ತುದಿಯಲ್ಲಿ ಆಳವಾಗಿ ಇನ್ನೊಂದು ತುದಿಯಲ್ಲಿ ಚೂಪಾಗಿ ಮುಗಿಯುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು, ದೀಪವನ್ನು ಓರೆಯಾಗಿ ಇಟ್ಟು ನೋಡಿದರೆ ಈ ವ್ಯತ್ಯಾಸ ಮರೆಯಾಗಲಾರದು. ಬೆಳ್ಳಿ ಪದಕದ ಮೇಲೆ ಮೂರು ಸಲ ಬಂದಿರುವ ಇಂಗ್ಲಿಷಿನ 'ಎ' ಅಕ್ಷರ ಮೂರು ಬಗೆಯಲ್ಲಿದೆ. ಕೆತ್ತಿದ ಅಕ್ಷರಗಳೆಲ್ಲ ಸುಳ್ಳೆಂದು ಮಾತ್ರ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಪದಕಗಳಲ್ಲಿ ಹೆಸರನ್ನು ಕೆತ್ತಿಯೇ ಹಾಕಿದ್ದಾರೆ. ಯಾವ ಪದಕಕ್ಕೆ ಯಾವ ಪದ್ಧತಿ ಎಂಬುದೇ ತಿಳಿದಿರಬೇಕಾದದ್ದು.

ಆದರೆ ನನ್ನ ಸಂಶಯವನ್ನು ಪೂರ್ತಿ ತೀರಿಸಿದ್ದು ಸಿಪಾಯಿಯ ಸಂಖ್ಯೆ. ನಕ್ಷತ್ರದ ಹಿಂಬದಿಯ ಸಪಾಟು ಜಾಗದಲ್ಲಿ ಅದು ಸ್ಪಷ್ಟವಾಗಿದೆ, ಕೊನೆಯ ಅಂಕಿ 3. ವಿಕ್ಟರಿ ಪದಕದಲ್ಲಿ ಅದೇ ಅಂಕಿಯ ಮೇಲೆ ಯಾವಾಗಲೋ ಪೆಟ್ಟು ಬಿದ್ದು ಎಡಬದಿ ಕೂಡಿಕೊಂಡಂತಾಗಿದ್ದು, ಬರಿಗಣ್ಣಿಗೆ, ಅದಕ್ಕಿಂತ ಹೆಚ್ಚಾಗಿ ಫೋಟೋದಲ್ಲಿ, 8ರಂತೆ ತೋರುತ್ತದೆ. ಬೆಳ್ಳಿ ಪದಕದಲ್ಲಿ ಇರುವುದು ಸ್ವಚ್ಛವಾದ 8. ನೂರು ವರ್ಷಗಳ ಹಿಂದೆ ಟಂಕಸಾಲೆಯವರು ದಾಖಲೆ ನೋಡಿ ಒತ್ತಿದ್ದರೆ ಅಲ್ಲಿ 3 ಇರಬೇಕಿತ್ತು. ಆ ಪೆಟ್ಟು ಬಿದ್ದ ನಂತರ, ಆ ಪದಕದ ಚಿತ್ರವನ್ನು ಎದುರಿಗಿಟ್ಟುಕೊಂಡು ಕೆತ್ತಿದವನಿಗೆ ಮಾತ್ರ 8 ಕಾಣಲು ಸಾಧ್ಯ. ಇಷ್ಟಾದ ಮೇಲೆ ರಿಬ್ಬನ್ನಿನ ಪರೀಕ್ಷೆ ಕೇವಲ ಕ್ರಮಕ್ಕಾಗಿ ಮಾಡಿದೆ. ನೇರಳಾತೀತ ದೀಪದ ಕೆಳಗೆ ಅದರ ಬಿಳಿ ಪಟ್ಟೆ ನೀಲಿಯಾಗಿ ಹೊಳೆಯಿತು. ಬಟ್ಟೆಗೆ ಆ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಹಳೆಯ ರಿಬ್ಬನ್ನನ್ನೇ ಇಂದಿನ ಸಾಬೂನಿನ ಪುಡಿಯಲ್ಲಿ ತೊಳೆದರೂ ಹಾಗೆ ಹೊಳೆಯುತ್ತದಾದ್ದರಿಂದ ಅದೊಂದನ್ನೇ ನಂಬಿ ಯಾವ ತೀರ್ಪನ್ನೂ ಕೊಡಲಾಗದು.

ಶಿಕ್ಷಕರು ಬಹಳ ಹೊತ್ತು ಮಾತಾಡಲಿಲ್ಲ. ನಂತರ, ಸರ್, ಹಾಗಾದರೆ ಆ ನಕ್ಷತ್ರವೂ ಸಂಶಯವೇ ಎಂದು ಕೇಳಿದರು. ಅಲ್ಲವೆಂದು ನಾನು ಧೈರ್ಯದಿಂದ ಹೇಳಬಲ್ಲವನಾಗಿದ್ದೆ. ಎರಡು ಕಂಚಿನ ಪದಕಗಳ ಅಕ್ಷರಗಳು ಒತ್ತಿದವು, ಅವುಗಳ ಹೆಸರು, ಸಂಖ್ಯೆ, ಪಲ್ಟನ್ನು ಒಂದಕ್ಕೊಂದು ತಾಳೆಯಾಗುತ್ತವೆ, ಜೊತೆಗೆ ಮನೆಯ ಮಾತು ಇತಿಹಾಸದೊಂದಿಗೆ ಕೂಡಿಬರುತ್ತದೆ. ಮುತ್ತಜ್ಜ ನದಿಯ ದಂಡೆಯ ಊರೊಂದರಲ್ಲಿ ಮುತ್ತಿಗೆಗೆ ಸಿಕ್ಕಿ ಹಸಿದಿದ್ದರು, ಕುದುರೆಯ ಮಾಂಸ ಮುಟ್ಟಲಿಲ್ಲ, ತುರ್ಕರ ಸೆರೆಯಲ್ಲಿದ್ದು ತಿರುಗಿ ಬಂದರು ಎಂದು ಮನೆಯಲ್ಲಿ ಹೇಳುತ್ತಾರಂತೆ. 110ನೇ ಮರಾಠಾ ಪಲ್ಟನ್ನು ಪುಣೆಯ ಆರನೆಯ ಡಿವಿಷನ್ನಿನ ಭಾಗವಾಗಿ ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋಗಿ, ಟೈಗ್ರಿಸ್ ದಂಡೆಯ ಕೂಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಕ್ಕಿತ್ತು. ಅಲ್ಲಿದ್ದ ಭಾರತೀಯ ಸಿಪಾಯಿಗಳಲ್ಲಿ ಬಹಳಷ್ಟು ಮಂದಿ ಮೊದಮೊದಲು ಕುದುರೆ ಮಾಂಸವನ್ನು ನಿರಾಕರಿಸಿದ್ದು ದಾಖಲಾಗಿರುವ ಸಂಗತಿ. 1916ರ ಏಪ್ರಿಲ್ 29ರಂದು ಪಡೆ ಶರಣಾಗಿ ಸಾವಿರಾರು ಜನ ಸೆರೆಯಾಳುಗಳಾದರು. 1915 ಮುಗಿಯುವ ಮೊದಲೇ ರಣಭೂಮಿಯಲ್ಲಿದ್ದವನಿಗೆ ಮಾತ್ರ ಈ ನಕ್ಷತ್ರ ಸಲ್ಲುತ್ತಿತ್ತು. ಓದು ಬರಹ ಬಾರದ ಆ ಮನೆಯ ಹಿರಿಯರು ಬಾಯಿಂದ ಬಾಯಿಗೆ ದಾಟಿಸಿದ ಮಾತಿಗೂ ಲೋಹದ ಮೇಲಿನ ಬರಹಕ್ಕೂ ಎಲ್ಲಿಯೂ ವಿರೋಧವಿಲ್ಲ.

ಅಂಚಿನ ಹೆಸರಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನೂ ಅವರಿಗೆ ಹೇಳಿದೆ. ಮೆಸೊಪೊಟೇಮಿಯದಲ್ಲಿ ಸತ್ತವರಿಗಾಗಿ 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕದ ಗೋಡೆಗಳ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿದ್ದಾರೆ. ಭಾರತೀಯರಲ್ಲಿ ಅಧಿಕಾರಿಗಳ ಹೆಸರಷ್ಟೇ ಇದ್ದು, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ತೋರಿಸಿದ್ದಾರೆ. ಈ ಬಗೆಯ ಅಸಮಾನತೆಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ಕ್ಷಮೆ ಕೇಳಿತು. ಕಲ್ಲಿನ ಮೇಲೆ ಬರೆಯದ ಹೆಸರುಗಳು ಪದಕದ ಮೇಲೆ ಇವೆ. ಆದ್ದರಿಂದ ಒಂದು ಪದಕದ ಅಂಚನ್ನು ಅರದಿಂದ ಉಜ್ಜುವವನು ಕೊಳ್ಳುವವನಿಗಷ್ಟೇ ಮೋಸ ಮಾಡುವುದಿಲ್ಲ. ಈ ಬೆಳ್ಳಿಯ ಅಂಚಿನಲ್ಲಿ, ಕೊಂಡಿಯ ಬಲಗಡೆ, ಹಳೆಯ ಹೆಸರಿನ ಒಂದು ಅಕ್ಷರದ ಪಾದ ಇನ್ನೂ ಉಳಿದಿದೆ. ಅದು ಯಾವ ಅಕ್ಷರವೆಂದು ಓದಲು ಎಷ್ಟು ಬೆಳಕು ಹಾಯಿಸಿದರೂ ಆಗಲಿಲ್ಲ.

ಅವರು ಜೊತೆಗೆ ತಂದಿದ್ದ ಟೊಪ್ಪಿಗೆಯ ಬ್ಯಾಡ್ಜಿನ ವಿಷಯ ಬೇಗ ಮುಗಿಯಿತು. ಅದನ್ನೂ ಅದೇ ವ್ಯಾಪಾರಿ ಮಾರಿದ್ದ. ಬಹಳ ಹಳೆಯ ಭಾರತೀಯ ಪಲ್ಟನ್ನಿನದೆಂದು ಹೇಳಿದ ಅದರ ತುದಿಯಲ್ಲಿರುವುದು 1952ರಲ್ಲಿ ಪಟ್ಟವೇರಿದ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಕಾಲದ, ನಡುವೆ ತಗ್ಗಿದ ಕಮಾನಿನ ಕಿರೀಟ. 1950ರ ಜನವರಿ 26ರಿಂದ ನಮ್ಮ ಸೈನ್ಯದ ಲಾಂಛನಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದಿರುವಾಗ ಇಂಥ ಬ್ಯಾಡ್ಜು ಯಾವ ಭಾರತೀಯ ಸಿಪಾಯಿಯ ತಲೆಯ ಮೇಲೂ ಇದ್ದಿರಲಾರದು.

ಪದಕಗಳನ್ನು ಪ್ರತಿ ವರ್ಷ ಖಂಡೇಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಪದ್ಧತಿ ಅವರ ಮನೆಯಲ್ಲಿದೆ. ಪೂಜೆ ಖಂಡಿತ ನಡೆಯಲಿ, ತಿಕ್ಕುವುದನ್ನು ಮಾತ್ರ ನಿಲ್ಲಿಸಿರೆಂದು ಕೈಮುಗಿದು ಕೇಳಿಕೊಂಡೆ. ಹುಳಿ ಕಂಚನ್ನು ತಿನ್ನುತ್ತದೆ, ತಿಕ್ಕಿದಷ್ಟೂ ಅಕ್ಷರದ ದಂಡೆ ಸವೆಯುತ್ತದೆ. ವಿಕ್ಟರಿ ಪದಕದ ಮೇಲೆ ಮುತ್ತಜ್ಜನ ಹೆಸರಿನ ಮೊದಲಕ್ಷರ ಈಗಾಗಲೇ ಮಸುಕಾಗಿದೆ. ಕುಂಕುಮವನ್ನು ಪದಕಕ್ಕೆ ಹಚ್ಚದೆ, ಅದನ್ನು ಇಟ್ಟ ತಟ್ಟೆಗೆ ಹಚ್ಚಬಹುದು. ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಟ್ಟರೆ ಸಾಕು. ನಕ್ಷತ್ರಕ್ಕೆ ಹೊಲಿದಿರುವ ಹರಿದ ರಿಬ್ಬನ್ನನ್ನು ಯಾವ ಕಾರಣಕ್ಕೂ ಬದಲಿಸಬಾರದು.

ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ಅವರು ಹುಬ್ಬಳ್ಳಿಯಲ್ಲಿ ಚೌಕಟ್ಟು ಮಾಡಿಸಲು ಕೊಟ್ಟಿದ್ದರು. ಈಗ ಏನು ಮಾಡುವುದೆಂದು ಕೇಳಿದಾಗ, ಎರಡನ್ನು ಕೂಡಿಸಿ, ಮೂರನೆಯ ಜಾಗವನ್ನು ಖಾಲಿ ಬಿಡಿ, ಅಲ್ಲಿ ಇದ್ದ ಪದಕ ಮನೆಯಿಂದ ಹೋಗಿದೆ ಎಂದು ಕೆಳಗೆ ಬರೆಸಿ ಎಂದೆ. ಇದೇ ಮಾದರಿಯ ಹೆಸರಿಲ್ಲದ ಪದಕವೊಂದನ್ನು ತಂದು ಆ ಜಾಗ ತುಂಬಿಸುವವರಿದ್ದಾರೆ. ಅದು ತಪ್ಪಲ್ಲ ಎಂದು ಹೇಳುವ ಸಂಗ್ರಾಹಕರನ್ನೂ ಬಲ್ಲೆ. ನಾನು ಒಪ್ಪುವುದಿಲ್ಲ. ಮುಂದಿನ ತಲೆಮಾರಿಗೆ ಆ ಖಾಲಿ ಜಾಗವೂ ಆ ಮನೆಯ ಚರಿತ್ರೆಯ ಭಾಗವಾಗಿ ಕಾಣಬೇಕು. ಬೆಳ್ಳಿಯದನ್ನು ಬೇರೆ ಡಬ್ಬಿಯಲ್ಲಿಟ್ಟು, ಇದರ ಹೆಸರು ನಂತರ ಕೆತ್ತಿದ್ದು ಎಂಬ ಚೀಟಿಯನ್ನು ಒಳಗಿಡಲು ಹೇಳಿ, ಅಳತೆಗಳನ್ನೂ ಕಾರಣಗಳನ್ನೂ ಎರಡು ಪುಟಗಳಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಹಣ ಮರಳಿ ಕೇಳಲು ಅದು ಅವರಿಗೆ ಬೇಕಾಗುತ್ತದೆ.

ಹೊರಡುವಾಗ ಅವರು, ಬಂಕಾಪುರದಲ್ಲಿರುವ ಕಾಕಾನ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಪಿಂಚಣಿಯ ಕಾಗದವೊಂದು ಮಡಚಿದ ಸ್ಥಿತಿಯಲ್ಲೇ ಇದೆ ಎಂದರು. ಅದರಲ್ಲಿ ಸಿಪಾಯಿಯ ಸಂಖ್ಯೆ ಇದ್ದರೆ 3 ಎಂಬುದಕ್ಕೆ ಪದಕದ ಹೊರಗಿನ ಸಾಕ್ಷಿ ಸಿಗುತ್ತದೆ. ಮಡಿಕೆಗಳಲ್ಲಿ ಕಾಗದ ಹರಿಯುವ ಸಂಭವವಿರುವುದರಿಂದ ಬಲವಂತವಾಗಿ ಬಿಡಿಸಬೇಡಿ, ಕಾಣುವಷ್ಟನ್ನು ಫೋಟೋ ತೆಗೆದು ಮೊದಲು ನನಗೆ ತೋರಿಸಿ ಎಂದು ಹೇಳಿ ಕಳಿಸಿದೆ. ಮುಂದಿನ ಭಾನುವಾರ ಬರುತ್ತೇನೆ ಎಂದಿದ್ದಾರೆ.