ಅರಳುವ ಮುಂಚಿನ ಗೆರೆ

ಬಾಣಬಿರುಸು ನೋಡುವಾಗ ಎಲ್ಲರೂ ಹೂವು ಅರಳೋದಕ್ಕೆ ಕಾಯುತ್ತಾರೆ. ನನ್ನ ಕಣ್ಣು ಮಾತ್ರ ಅದಕ್ಕೂ ಮುಂಚೆ ಮೇಲೇರುವ ಬಾಲದ ಮೇಲೆ. ಅದನ್ನೇ ಕಾಮೆಟ್ ಅನ್ನುತ್ತಾರೆ. ಗಟ್ಟಿಯಾಗಿ ಒತ್ತಿದ ಮದ್ದಿನ ಉಂಡೆ ಉರಿಯುತ್ತಾ, ದಾರಿಯುದ್ದಕ್ಕೂ ಕಿಡಿ ಚೆಲ್ಲುತ್ತಾ ಏರುತ್ತದೆ. ಇದ್ದಿಲಿನ ಕಿಡಿ ಹೊಂಬಣ್ಣ, ಆರೋದು ನಿಧಾನ. ಟೈಟಾನಿಯಂ ಕಿಡಿಯದ್ದು ಬೆಳ್ಳಿಯ ಹೊಳಪು. ನನಗೆ ಇದ್ದಿಲಿನದ್ದೇ ಇಷ್ಟ.

ಈ ಬಾಲವನ್ನು ಫೋಟೋದಲ್ಲಿ ಹಿಡಿಯೋದು ಕಲಿಯಲು ನನಗೆ ಕೆಲವು ವರ್ಷ ಬೇಕಾಯಿತು. ಮೊದಲ ಸಲ ಆಟೋಫೋಕಸ್‌ನಲ್ಲೇ ಬಿಟ್ಟಿದ್ದೆ. ಲೆನ್ಸ್ ಕತ್ತಲಲ್ಲಿ ತಡಕಾಡುತ್ತಲೇ ಇತ್ತು, ಅಷ್ಟರಲ್ಲಿ ಬಾಣ ಏರಿ, ಅರಳಿ, ಆರಿಹೋಗಿತ್ತು. ಆ ರಾತ್ರಿ ಒಂದು ಬಾಲವೂ ಸಿಗಲಿಲ್ಲ. ಈಗ ಶುರುವಾಗೋ ಮುಂಚೆಯೇ ದೂರದ ದೀಪವೊಂದಕ್ಕೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ, ರಿಂಗ್ ಮೇಲೆ ಟೇಪ್ ಅಂಟಿಸಿಬಿಡುತ್ತೇನೆ.

ಜಾಸ್ತಿ ಗೊಂದಲ ಆಗಿದ್ದು ಬೆಳಕಿನ ವಿಷಯದಲ್ಲಿ. ಶಟರ್ ಹೆಚ್ಚು ಹೊತ್ತು ತೆರೆದರೆ ಬಾಲ ಇನ್ನೂ ಹೊಳೆಯುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಉರಿಯುವ ಉಂಡೆ ಒಂದು ಕಡೆ ನಿಲ್ಲೋದೇ ಇಲ್ಲ ಅಲ್ವಾ? ಸೆನ್ಸರಿನ ಒಂದು ಚುಕ್ಕೆಯ ಮೇಲೆ ಅದರ ಬೆಳಕು ಬೀಳೋದು ಕ್ಷಣ ಮಾತ್ರ, ಆಮೇಲೆ ಪಕ್ಕದ ಚುಕ್ಕೆಗೆ ಜಾರುತ್ತದೆ. ಶಟರ್ ತೆರೆದಷ್ಟೂ ಗೆರೆ ಉದ್ದವಾಗುತ್ತದೆ. ಹೊಳಪು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಮತ್ತು ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಸೆಟ್ಟಿಂಗ್) ಕೈಯಲ್ಲಿದೆ. ನಾನು ಐಎಸ್ಒ 100, ಎಫ್/11ರಿಂದ ಶುರು ಮಾಡುತ್ತೇನೆ. ಕೆಂಪು, ಹಸಿರು ಎಲ್ಲಾ ಬಿಳಿಚಿಕೊಂಡು ಬಂದರೆ ಕಿಂಡಿಯನ್ನು ಇನ್ನೂ ಚಿಕ್ಕದು ಮಾಡಿ ಎಫ್/16. ತಾಮ್ರದಿಂದ ಬರುವ ನೀಲಿ ಮಂಕು, ಅದಕ್ಕೆ ಕಿಂಡಿಯನ್ನು ಸ್ವಲ್ಪ ತೆರೆಯಬೇಕು.

ಟ್ರೈಪಾಡ್, ರಿಮೋಟ್, ಬಲ್ಬ್ ಮೋಡ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುತ್ತದೆ) ಇರಲೇಬೇಕು. ಗಾಳಿ ಬೆನ್ನಿಗೆ ಬರುವ ಕಡೆ ನಿಂತರೆ ಹೊಗೆ ನಮ್ಮ ಕಡೆ ಬರೋದಿಲ್ಲ.

ಇನ್ನೊಂದು ಮಾತು. ಧಡ್ ಅನ್ನೋ ಶಬ್ದ ಕೇಳಿ ಬಟನ್ ಒತ್ತಬೇಡಿ. ಒಂದು ಕಿಲೋಮೀಟರ್ ದೂರದಿಂದ ಶಬ್ದ ಬರಲು ಸುಮಾರು 3 ಸೆಕೆಂಡ್ ಬೇಕು. ಅಷ್ಟರಲ್ಲಿ ಬಾಣ ಎಷ್ಟೋ ಎತ್ತರ ಹೋಗಿರುತ್ತದೆ, ಬಾಲದ ಬುಡವೇ ಕೈತಪ್ಪುತ್ತದೆ. ನೆಲದ ಹತ್ತಿರ ಮಿಂಚುವ ಬೆಳಕಿನ ಮೇಲೆ ಕಣ್ಣಿಟ್ಟಿರಿ. ಮಿಂಚಿದ ತಕ್ಷಣ ಒತ್ತಿ, ಹೂವಿನ ಕೊನೆಯ ಎಸಳು ಆರುವ ತನಕ ಬಿಡಬೇಡಿ.

ನನ್ನ ಬಳಿ ಇರುವ ಫೋಟೋಗಳಲ್ಲಿ ಒಂದು ತುಂಬಾ ಹತ್ತಿರದ್ದು. ದೊಡ್ಡದು ಮಾಡಿ ನೋಡಿದರೆ ಬುಡದಲ್ಲಿ ಬಾಲ ಹೆಬ್ಬೆರಳಷ್ಟು ದಪ್ಪ. ಗಾಳಿಗೆ ಕಿಡಿಗಳೆಲ್ಲ ಬಾಚಿದ ಕೂದಲಿನ ಹಾಗೆ ಬಲಕ್ಕೆ ಬಾಗಿವೆ. ಮೇಲೆ ಹೋಗ್ತಾ ಗೆರೆ ಸಣ್ಣಗಾಗಿ ನಿಂತುಬಿಡುತ್ತದೆ. ಆಮೇಲೆ ಬೆರಳಗಲದ ಕತ್ತಲು. ಅದರಾಚೆ ಹೂವು, ಅರ್ಧ ಫ್ರೇಮಿನಿಂದ ಹೊರಗೆ. ಆ ಫೋಟೋವನ್ನು ಹಾಗೇ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಿದ್ದೇನೆ.