ರೈಲ್ವೆ ಕಂಪನಿಯನ್ನು ಮಣಿಸಿದ ಗವರ್ನರ್

ಕಾರವಾರ, ಶಿರಸಿಯ ಕಡೆ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇಳಿಸಬೇಕೆಂದರೆ ಸದಸ್ಯರೇ ಅವಿಶ್ವಾಸ ಗೊತ್ತುವಳಿ ತರಬೇಕು; ಮತದಾರ ನೋಡುತ್ತ ಕೂರಬೇಕು. ಮತದಾರನ ಕೈಗೇ ಆ ಅಧಿಕಾರ ಕೊಟ್ಟವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಆಗಿದ್ದ ಹೈರಮ್ ಜಾನ್ಸನ್ ಪ್ರಮುಖ.

1866ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದ ವಕೀಲ. ಸ್ಯಾನ್ ಫ್ರಾನ್ಸಿಸ್ಕೊದ ಲಂಚದ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲ ಫ್ರಾನ್ಸಿಸ್ ಹೆನಿಗೆ ಗುಂಡೇಟು ಬಿದ್ದಾಗ, ವಾದವನ್ನು ಮುಂದುವರಿಸಿದವರಲ್ಲಿ ಒಬ್ಬ. 1910ರ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಚುನಾವಣೆಯಲ್ಲಿ, ರಾಜ್ಯದ ರಾಜಕೀಯದ ಮೇಲೆ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಗಿದ್ದ ಹಿಡಿತ ಮುರಿಯುತ್ತೇನೆಂದು ಮೋಟಾರು ಕಾರಿನಲ್ಲಿ ಊರೂರು ಸುತ್ತಿ ಗೆದ್ದ.

ಅಸಲು ಕೆಲಸ ನಡೆದದ್ದು 1911ರ ಅಕ್ಟೋಬರ್ 10ರಂದು. ಅಂದು ರಾಜ್ಯದ ಸಂವಿಧಾನದ 23 ತಿದ್ದುಪಡಿಗಳು ಜನರ ಮತಕ್ಕೆ ಬಂದಿದ್ದವು; ಸಹಿ ಸಂಗ್ರಹಿಸಿ ಕಾನೂನು ತರುವ, ತಡೆಯುವ, ಅಧಿಕಾರಿಗಳನ್ನು ವಾಪಸು ಕರೆಸುವ ಹಕ್ಕುಗಳು ಅವುಗಳಲ್ಲಿ ಸೇರಿದ್ದು, ಗೆದ್ದವು. ಅಂದಿನ ಲೆಕ್ಕ ಹೀಗೆ: ಹಿಂದಿನ ಗವರ್ನರ್ ಚುನಾವಣೆಯಲ್ಲಿ 10 ಲಕ್ಷ ಮತ ಬಿದ್ದಿದ್ದರೆ, ಜನರೇ ಕಾನೂನು ತರಲು ಶೇ. 8, ಅಂದರೆ 80 ಸಾವಿರ ಸಹಿ ಬೇಕಿತ್ತು. ಶಾಸನಸಭೆಯ ಕಾನೂನನ್ನು ತಡೆಯಲು ಶೇ. 5, ಗವರ್ನರನ್ನು ವಾಪಸು ಕರೆಸಲು ಶೇ. 12. ನೋಂದಾಯಿತ ಮತದಾರರ ಸಹಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬೇಕಾದಷ್ಟೇ ಸಹಿ ತಂದವರ ಅರ್ಜಿ ಪರಿಶೀಲನೆಯಲ್ಲಿ ಬೀಳುತ್ತದೆ. ಹೆಚ್ಚುವರಿ ಸಹಿ ಇರಲೇಬೇಕು. ಹಿಂದಿನ ಮತದಾನ ಕಡಿಮೆಯಿದ್ದಷ್ಟೂ ಮುಂದಿನ ಅರ್ಜಿ ಸುಲಭ. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಕುರ್ಚಿ ಕಳೆದುಕೊಂಡದ್ದು ಇದೇ ಹಕ್ಕಿನಿಂದ. ಮಹಿಳೆಯರ ಮತದಾನದ ಹಕ್ಕೂ ಅಂದೇ ಗೆದ್ದಿತು, ಸುಮಾರು ಮೂರೂವರೆ ಸಾವಿರ ಮತಗಳ ಕೂದಲೆಳೆ ಅಂತರದಲ್ಲಿ.

1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಜೊತೆ ಜಾನ್ಸನ್ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತ. 1913ರಲ್ಲಿ ಜಪಾನೀ ವಲಸಿಗರು ಜಮೀನು ಕೊಳ್ಳದಂತೆ ತಡೆಯುವ ಕಾನೂನಿಗೆ ಸಹಿ ಹಾಕಿದ. ಈ ಅನ್ಯಾಯವನ್ನು ಅವನ ಸುಧಾರಣೆಗಳು ತೊಳೆಯಲಾರವು. 1917ರಿಂದ ಅಮೆರಿಕ ಸಂಸತ್ತಿನ ಮೇಲ್ಮನೆಯ ಸದಸ್ಯ (ಸೆನೆಟರ್), 1945ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದ.