ಸೇತುವೆ ಬಂದ ಮೇಲೆ ಚಿಕ್ಕಪ್ಪನ ಹೋಮ್‌ಸ್ಟೇ ವೆಬ್‌ಸೈಟ್: ಕೆಲಸದ ದಾಖಲೆ

ಆಗಸ್ಟ್ 2025

ಶರಾವತಿ ಹಿನ್ನೀರಿನ ದಡದ ತುಮರಿ ಕಡೆಯ ಚಿಕ್ಕಪ್ಪನ ಮನೆಯಲ್ಲಿ ಹೋಮ್‌ಸ್ಟೇ ಶುರುವಾದದ್ದು 2012ರಲ್ಲಿ. ಅದರ ವೆಬ್‌ಸೈಟ್ ಆದದ್ದೂ ಅದೇ ವರ್ಷ. ಅದನ್ನು ಹೊಸದಾಗಿ ಮಾಡೋಣವೆಂದು ನಾನು ಮೂರು ವರ್ಷಗಳಿಂದ ಹೇಳುತ್ತಲೇ ಇದ್ದೆನಾದರೂ, ಏಕೆಂದು ಕೇಳಿದಾಗ "ಹಳೆಯದಾಗಿ ಕಾಣುತ್ತದೆ" ಎನ್ನುವುದರ ಹೊರತು ಬೇರೆ ಉತ್ತರ ನನ್ನ ಬಳಿ ಇರಲಿಲ್ಲ. "ಮನೆಯೂ ಹಳೆಯದೇ, ಜನ ಬರುತ್ತಿಲ್ಲವೇನೋ?" ಎಂದು ಚಿಕ್ಕಪ್ಪ ಮಾತು ಮುಗಿಸುತ್ತಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು ಎಂದು ಈಗ ಅನ್ನಿಸುತ್ತದೆ.

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾಗಿ ಶರಾವತಿಯ ಹಿನ್ನೀರು ಹರಡಿದಂದಿನಿಂದ ಸಾಗರ ಪಟ್ಟಣಕ್ಕೆ ಹೋಗಿಬರಲು ಹೊಳೆಬಾಗಿಲಿನ ಕಡವಿನಲ್ಲಿ ದೋಣಿ, ಲಾಂಚುಗಳಿಗಾಗಿ ಕಾಯುತ್ತಿದ್ದ ಈ ದಡದವರು, ಈಗ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟುತ್ತಾರೆ. ವೆಬ್‌ಸೈಟ್‌ನ ದಾರಿಯ ಪುಟ ಮಾತ್ರ "ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸಾಗರದಲ್ಲೇ ಉಳಿಯಿರಿ" ಎಂದು ಹೇಳುತ್ತಲೇ ಇತ್ತು. ಅದನ್ನು ನಂಬಿದ ಬೆಂಗಳೂರಿನ ಕುಟುಂಬವೊಂದು ಒಂದು ರಾತ್ರಿ ಸಾಗರದ ಲಾಡ್ಜಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ಬಂತು. ಚಿಕ್ಕಮ್ಮ ಅವರಿಗಾಗಿ ಮಾಡಿಟ್ಟಿದ್ದ ರಾತ್ರಿಯ ಅಡುಗೆ ಹಾಗೇ ಉಳಿಯಿತು.

ಒಂದು ಸಾಲು ತಪ್ಪಾಗಿದ್ದರೆ ಆ ಸಾಲನ್ನು ತಿದ್ದಿದರೆ ಸಾಕು, ಅದಕ್ಕಾಗಿ ಇಡೀ ವೆಬ್‌ಸೈಟ್ ಬದಲಿಸುವ ಅಗತ್ಯವಿಲ್ಲ. ನಾನೂ ಹಾಗೆಂದುಕೊಂಡೇ ಶಿವಮೊಗ್ಗದಿಂದ ಹೋಗಿ ಒಂದು ಶನಿವಾರ ಕುಳಿತೆ. ಆಗ ತಿಳಿದದ್ದು ಮೂರು ಸಂಗತಿಗಳು. ಡೊಮೇನ್ (ವೆಬ್‌ಸೈಟ್‌ನ ವಿಳಾಸ) ಮತ್ತು ಹೋಸ್ಟಿಂಗ್ (ಅದರ ಕಡತಗಳನ್ನು ಇಡುವ ಜಾಗ) ಎರಡೂ ವೆಬ್‌ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ನೋಂದಣಿಯಾಗಿದ್ದವು. ಅವರ ಫೋನ್ ನಂಬರ್ ಬದಲಾಗಿ ವರ್ಷಗಳೇ ಆಗಿದ್ದವು. ಕನ್ನಡ ಪುಟಗಳು ಎಲ್ಲ ಮೊಬೈಲುಗಳೂ ಓದಬಲ್ಲ ಯುನಿಕೋಡ್ ಪದ್ಧತಿಯಲ್ಲಿರದೆ ಹಳೆಯ ನುಡಿ ಫಾಂಟಿನಲ್ಲಿದ್ದುದರಿಂದ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೆ ಸಿಗುತ್ತಲೇ ಇರಲಿಲ್ಲ. ತೋಟದ ಚಿತ್ರಗಳನ್ನು ತೋರಿಸಲು ಫ್ಲ್ಯಾಶ್ ಎಂಬ ಹಳೆಯ ತಂತ್ರಾಂಶ ಬೇಕಿತ್ತು. ಅಡೋಬಿ ಸಂಸ್ಥೆ ಫ್ಲ್ಯಾಶ್ ಪ್ಲೇಯರ್‌ಗೆ ನೀಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿ, ಮುಂದಿನ ಜನವರಿಯಿಂದ ಅದು ಓಡದಂತೆಯೇ ಮಾಡಿತ್ತು. ಅಂದರೆ ನಾಲ್ಕೂವರೆ ವರ್ಷಗಳಿಂದ ಚಿತ್ರಗಳಿರಬೇಕಾದ ಜಾಗ ಖಾಲಿಯಾಗಿತ್ತು, ಮತ್ತು ಅದನ್ನು ನಮಗೆ ಯಾರೂ ಹೇಳಿರಲಿಲ್ಲ.

ಬಣ್ಣ ಮಂಕಾಗಿದೆಯೇ, ಪಕ್ಕದ ಹೋಮ್‌ಸ್ಟೇಯವರದು ಹೊಸದಾಗಿದೆಯೇ ಎನ್ನುವುದರ ಮೇಲೆ ನಿರ್ಧರಿಸುವ ವಿಷಯ ಇದಲ್ಲ. ದಾರಿ ಬದಲಾದ ದಿನ ಮನೆಯವರೇ ಕುಳಿತು ಒಂದು ಸಾಲು ತಿದ್ದಲು ಆಗುವುದಿಲ್ಲ ಎಂದಾದರೆ ಆ ವೆಬ್‌ಸೈಟ್ ಮನೆಯವರ ಕೈಯಲ್ಲಿಲ್ಲ ಎಂದರ್ಥ. ಚಿಕ್ಕಪ್ಪನಿಗೆ ಹೀಗೆ ಹೇಳಿದಾಗ ಅವರು ತಕ್ಷಣ ಒಪ್ಪಿದರು.

ಸೆಪ್ಟೆಂಬರ್

ವಿನ್ಯಾಸಕ್ಕೆ ಕೈಹಾಕಲಿಲ್ಲ. ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಕರೆ ಮಾಡಿದವರು ಮೊದಲು ಕೇಳಿದ ಪ್ರಶ್ನೆಯನ್ನು ಬರೆಯುವಂತೆ ಚಿಕ್ಕಮ್ಮನನ್ನು ಕೇಳಿಕೊಂಡೆ. ಅವರು ತಿಂಗಳಿಡೀ ತಪ್ಪದೆ ಬರೆದರು. ಅರ್ಧಕ್ಕಿಂತ ಹೆಚ್ಚಿನ ಪ್ರಶ್ನೆಗಳು ದಾರಿಗೆ ಸಂಬಂಧಿಸಿದವು: ಮಿನಿ ಬಸ್ ಮನೆಯವರೆಗೆ ಬರುತ್ತದೆಯೇ, ತಾಳಗುಪ್ಪದಲ್ಲಿ ರೈಲಿಳಿದರೆ ಮುಂದೆ ಹೇಗೆ, ಸಿಗಂದೂರಿನ ದರ್ಶನ ಮುಗಿಸಿ ಬರಲು ಎಷ್ಟು ಹೊತ್ತು. ಉಳಿದವು ತಲಾ ದರ, ಮೊಬೈಲ್ ನೆಟ್‌ವರ್ಕ್, ಮಳೆಗಾಲದ ಉಂಬಳ (ಜಿಗಣೆ). "ನಮ್ಮ ಬಗ್ಗೆ" ಎಂಬ ದೊಡ್ಡ ಪುಟದಲ್ಲಿದ್ದ ಯಾವ ಮಾತನ್ನೂ ಯಾರೂ ಕೇಳಿರಲಿಲ್ಲ. ಹೊಸ ಮುಖಪುಟದ ಕ್ರಮವನ್ನು ಆ ನೋಟ್‌ಬುಕ್ಕೇ ನಿರ್ಧರಿಸಿತು.

ಡೊಮೇನ್ ಕೈಗೆ ಬರಲು ಮೂರು ವಾರ ಹಿಡಿಯಿತು. ಹಳೆಯ ಬಿಲ್ಲುಗಳನ್ನು ಹುಡುಕಿ, ಮಾಡಿಕೊಟ್ಟವರನ್ನು ಪರಿಚಿತರ ಮೂಲಕ ಪತ್ತೆಹಚ್ಚಿ, ವರ್ಗಾವಣೆಯ ಕೋಡ್ ಪಡೆದು ಚಿಕ್ಕಪ್ಪನ ಹೆಸರಿಗೆ ಬದಲಿಸಿದೆವು. ಹೊಸದಾಗಿ ವೆಬ್‌ಸೈಟ್ ಮಾಡಿಸುವವರು ಮೊದಲ ದಿನವೇ ನೋಡಿಕೊಳ್ಳಬೇಕಾದ ಕಾಗದ ಇದು. ಜಮೀನಿನ ಪಹಣಿಯನ್ನು ಬೇರೆಯವರ ಹೆಸರಿನಲ್ಲಿ ಬಿಡುವವರು ಯಾರಿದ್ದಾರೆ?

ಅಕ್ಟೋಬರ್

ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಕೆಲಸ ಒಂದು ಸಂಜೆಯದೆಂದು ಭಾವಿಸಿದ್ದೆ, ನಾಲ್ಕು ಭಾನುವಾರ ಹಿಡಿಯಿತು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುವುದರಿಂದ, ಪರಿವರ್ತಿಸುವ ತಂತ್ರಾಂಶವು ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಇಮೇಲ್ ವಿಳಾಸವನ್ನೂ ಅರ್ಥವಿಲ್ಲದ ಕನ್ನಡವಾಗಿಸಿಬಿಟ್ಟಿತು. ಅರ್ಕಾವತ್ತು ಇನ್ನೊಂದು ತೊಡಕು. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹೀಗಾಗಿ "ಮಾರ್ಗ", "ವರ್ಷ" ಮುಂತಾದ ಪದಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಬೇಕಾಯಿತು.

ಆಮೇಲೆ ಅಕ್ಷರದ ರೂಪ. ನಾನು ಆರಿಸಿದ ಸಿದ್ಧ ಮಾದರಿಯಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಇತ್ತು. ಒತ್ತಕ್ಷರವಿಲ್ಲದ ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ "ಶಿವಮೊಗ್ಗ" ಎಂದು ಬರೆದರೆ ಗಕಾರದ ಒತ್ತು ಕೆಳಗಿನ ಸಾಲಿಗೆ ತಾಗುತ್ತಿತ್ತು. 1.7ಕ್ಕೆ ಏರಿಸಿ, ಅಕ್ಷರಗಳ ನಡುವೆ ಅಂತರ ಕೊಡುವ ಅಲಂಕಾರವನ್ನು ತೆಗೆದು, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಪುಟ ನೆಮ್ಮದಿಯಿಂದ ಓದಿಸಿಕೊಂಡಿತು. ಕನ್ನಡದಲ್ಲಿ ವೆಬ್‌ಸೈಟ್ ಮಾಡುವವರು ಕನ್ನಡದ ಅಕ್ಷರಗಳನ್ನೇ ತುಂಬಿ ಮಾದರಿಯನ್ನು ಪರೀಕ್ಷಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಚಿತ್ರಗಳ ಮಾತು ಚಿಕ್ಕದು. ಕ್ಯಾಮೆರಾದಿಂದ ಬಂದಂತೆಯೇ ನಾಲ್ಕೈದು ಎಂಬಿ ಇದ್ದವನ್ನು ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ರೂಪಕ್ಕೆ ತಂದು 200 ಕೆಬಿಯೊಳಗೆ ಇಳಿಸಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ. ಶಿವಮೊಗ್ಗದ ನನ್ನ ಮನೆಯಲ್ಲಿ ಅದು ಸುಲಭವಾಗಿ ಸಾಧ್ಯವಾಯಿತು, ಚಿಕ್ಕಪ್ಪನ ಜಗಲಿಯಲ್ಲಿ ಒಂದೇ ಗೆರೆ ಸಿಗ್ನಲ್ ಇರುವಾಗ ಆಗಲಿಲ್ಲ. ಮುಖಪುಟದಲ್ಲಿ ಜಾರುತ್ತಿದ್ದ ಐದು ಚಿತ್ರಗಳನ್ನು ತೆಗೆದು ಒಂದನ್ನೇ ಉಳಿಸಿದ ಮೇಲೆ ಅಲ್ಲೂ ಪರವಾಗಿಲ್ಲ ಎನ್ನುವಷ್ಟಾಯಿತು. ದಾರಿಯ ಪುಟವನ್ನು ತೆರೆಯುವವರು ಘಾಟಿಯಲ್ಲೋ ಹಿನ್ನೀರಿನ ಅಂಚಿನಲ್ಲೋ ಕಾರು ನಿಲ್ಲಿಸಿಕೊಂಡವರಾಗಿರುತ್ತಾರೆ. ಆದ್ದರಿಂದ ಅದರಲ್ಲಿ ಚಿತ್ರವನ್ನೇ ಹಾಕಿಲ್ಲ, ಬರಹ ಮತ್ತು ಫೋನ್ ನಂಬರ್ ಮಾತ್ರ ಇವೆ.

ನವೆಂಬರ್

ಯಾವಾಗ ಬದಲಿಸುವುದು ಎಂಬ ಬಗ್ಗೆ ಚರ್ಚೆಯಾಯಿತು. ಜೋಗ ತುಂಬಿ ಹರಿಯುವ ಮಳೆಗಾಲದಲ್ಲಿ, ದಸರಾ ರಜೆಯಲ್ಲಿ, ವರ್ಷಾಂತ್ಯದಲ್ಲಿ ಫೋನಿಗೆ ಬಿಡುವಿರುವುದಿಲ್ಲ. ನವೆಂಬರ್ ನಡುವಿನ ಒಂದು ಸೋಮವಾರ ಬೆಳಿಗ್ಗೆ ಎಂದು ಗೊತ್ತುಮಾಡಿದೆವು. ಏನಾದರೂ ಕೆಟ್ಟರೆ ಸರಿಪಡಿಸಲು ವಾರದ ದಿನಗಳು ಮುಂದಿರುತ್ತವೆ.

ಅದಕ್ಕೆ ಮೊದಲು ಹಳೆಯ ಪುಟಗಳೆಲ್ಲದರ ವಿಳಾಸ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಹೊಸ ವೆಬ್‌ಸೈಟ್‌ನಲ್ಲಿ ಯಾವ ಪುಟವೆಂದು ಎದುರಿಗೆ ಬರೆದೆ. ಹಳೆಯ ವಿಳಾಸ ಒತ್ತಿದವರನ್ನು ಹೊಸ ಪುಟಕ್ಕೆ ಕಳಿಸುವ 301 ರೀಡೈರೆಕ್ಟ್ ಇಲ್ಲದಿದ್ದರೆ, ಹದಿಮೂರು ವರ್ಷಗಳಲ್ಲಿ ಬೇರೆಯವರು ಅಲ್ಲಲ್ಲಿ ಕೊಟ್ಟ ಕೊಂಡಿಗಳೆಲ್ಲ ಒಂದೇ ದಿನದಲ್ಲಿ ಸತ್ತುಹೋಗುತ್ತವೆ. ಇವನ್ನು ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಗೂಗಲ್ ಹೇಳುತ್ತದೆ; ನಾವು ತೆಗೆಯುವುದೇ ಇಲ್ಲ. ವೆಬ್‌ಸೈಟ್‌ನ ಸಂಪರ್ಕವನ್ನು ಸುರಕ್ಷಿತಗೊಳಿಸುವ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರವೂ ಅದೇ ದಿನ ಸೇರಿತು, ಕ್ರೋಮ್ 2018ರ ಜುಲೈಯಿಂದ ತೋರಿಸುತ್ತಿದ್ದ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಹೋಯಿತು.

ಆನ್‌ಲೈನ್ ಬುಕಿಂಗ್ ಬೇಡವೆಂದು ಚಿಕ್ಕಪ್ಪ ಹೇಳಿದರು. ಬರುವವರೊಡನೆ ಒಮ್ಮೆ ಮಾತನಾಡದೆ ಮನೆಗೆ ಸೇರಿಸಿಕೊಳ್ಳುವುದು ಅವರಿಗೆ ಒಗ್ಗದು, ನನಗೂ ಅದು ಸರಿಯೆನಿಸಿತು. ಕರೆ ಮತ್ತು ವಾಟ್ಸಾಪ್ ಗುಂಡಿಗಳು ಮಾತ್ರ ಇವೆ.

ಬದಲಿಸಿದ ಮೂರನೆಯ ದಿನ ಚಿಕ್ಕಪ್ಪ ತಮ್ಮ ಮೊಬೈಲಿನಿಂದಲೇ ಊಟದ ದರ ತಿದ್ದಿ, ಸರಿಯಾಗಿದೆಯೇ ನೋಡೆಂದು ಫೋನ್ ಮಾಡಿದರು. ಸರಿಯಾಗಿತ್ತು.

ಲಾಂಚ್ ವೇಳಾಪಟ್ಟಿಯ ಪುಟವನ್ನು ಅಳಿಸಿ, ಅದರ ವಿಳಾಸವನ್ನು ದಾರಿಯ ಪುಟಕ್ಕೆ ತಿರುಗಿಸಿದ್ದೆ. ಚಿಕ್ಕಮ್ಮ ಒಪ್ಪಲಿಲ್ಲ. ಮದುವೆಯಾಗಿ ತಾವು ಈ ದಡಕ್ಕೆ ಬಂದದ್ದೇ ಲಾಂಚಿನಲ್ಲಿ, ವೇಳಾಪಟ್ಟಿ ಹೋದರೆ ಹೋಗಲಿ, ಪುಟ ಇರಲಿ ಎಂದರು. ಪ್ರಶ್ನೆಗಳನ್ನು ಬರೆದ ಅದೇ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಲಾಂಚಿನ ದಿನಗಳ ಬಗ್ಗೆ ನಾಲ್ಕು ಪುಟ ಬರೆದುಕೊಟ್ಟಿದ್ದಾರೆ. ಎರಡನ್ನು ಟೈಪ್ ಮಾಡಿದ್ದೇನೆ, ಉಳಿದೆರಡು ಈ ಭಾನುವಾರಕ್ಕಿವೆ.